ಶಾಲೆಯ ಸಭೆಯಲ್ಲಿ ತಾಯಿಯ ಮಾತಿಗೂ ಬೆಲೆಯಿರಲಿ



ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ ಎಂಬ ಮಾತನ್ನು ಊರೂರಿನ ಶಾಲೆಯ ಗೋಡೆಗಳ ಮೇಲೆ ಬರೆಸಿದ್ದೇವೆ. ಅದೇ ಗೋಡೆಯ ಪಕ್ಕದಲ್ಲಿ ಶಾಲೆಯ ಸಭೆ ಸೇರಿದಾಗ ಎಷ್ಟೋ ಕಡೆ ಆಗುವುದೇನು? ಗಂಡಸರು ಕುರ್ಚಿಯ ಮೇಲೆ ಕುಳಿತಿರುತ್ತಾರೆ. ತಾಯಂದಿರು ತಲೆಯ ಮೇಲೆ ಸೆರಗು ಹೊದ್ದು ಬಾಗಿಲ ಬಳಿ ನಿಂತಿರುತ್ತಾರೆ. ಠರಾವು ಬರೆದಾದ ಮೇಲೆ ಪುಸ್ತಕ ಅವರ ಮುಂದೆ ಬರುತ್ತದೆ. ಸಹಿ ಅವರದು, ಮಾತು ಮಾತ್ರ ಬೇರೆಯವರದು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹೀಗಿರಲಿಲ್ಲ. ಅಕ್ಕಮಹಾದೇವಿ ಅನುಭವ ಮಂಟಪಕ್ಕೆ ಬಂದಾಗ ಅಲ್ಲಮಪ್ರಭುಗಳು ಆಕೆಯನ್ನು ಕಠಿಣವಾಗಿ ಪ್ರಶ್ನಿಸಿದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಹೆಣ್ಣೆಂದು ರಿಯಾಯಿತಿ ತೋರಲಿಲ್ಲ, ಹೆಣ್ಣೆಂದು ಬಾಯಿ ಮುಚ್ಚಿಸಲೂ ಇಲ್ಲ. ಆಕೆಯ ಉತ್ತರವನ್ನು ಆಕೆಯ ಬಾಯಿಂದಲೇ ಕೇಳಿ, ಒಪ್ಪಿ, ತಲೆಬಾಗಿದರು. ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಮಡದಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದಳು. ಗಂಡನ ತಪ್ಪನ್ನು ತಿದ್ದಿದ ಆ ತಾಯಿಯನ್ನು ಶರಣರು ಗಯ್ಯಾಳಿ ಎನ್ನಲಿಲ್ಲ, ಶರಣೆ ಎಂದರು. ವಚನ ರಚಿಸಿದ ಶರಣೆಯರು ಮೂವತ್ತಕ್ಕೂ ಹೆಚ್ಚು.

ಇಂದು ಕಾನೂನೂ ಅದನ್ನೇ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಆದರೆ ಕಾನೂನು ಕೂಡ್ರಿಸಬಲ್ಲದು, ಕೇಳಿಸಿಕೊಳ್ಳುವ ಕಿವಿಯನ್ನು ಕೊಡಲಾರದು. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಗಂಡಸರ ಸಾಕ್ಷರತೆ ಶೇ. 82, ಹೆಂಗಸರದು ಶೇ. 68. ಓದು ಬಾರದವಳಿಗೆ ಶಾಲೆಯ ವಿಷಯವೇನು ಗೊತ್ತು ಎಂದು ಕೇಳುವವರಿದ್ದಾರೆ. ಆಕೆಗೆ ಓದು ತಪ್ಪಿಸಿದವರು ಯಾರು ಎಂದು ಅವರು ಮೊದಲು ತಮ್ಮನ್ನೇ ಕೇಳಿಕೊಳ್ಳಲಿ.

ಅಕ್ಷರ ಬಾರದಿದ್ದರೂ ತಾಯಿಗೆ ತಿಳಿದಿರುವುದು ಬಹಳ. ಶಾಲೆಯ ಶೌಚಾಲಯದಲ್ಲಿ ನೀರಿಲ್ಲದಿದ್ದರೆ ಬೆಳೆದ ಮಗಳು ತಿಂಗಳಲ್ಲಿ ಯಾವ ದಿನ ಶಾಲೆ ತಪ್ಪಿಸುತ್ತಾಳೆಂದು ಆಕೆ ಬಲ್ಲಳು. ಏಳನೆಯ ತರಗತಿಯ ನಂತರ ಪಕ್ಕದೂರಿಗೆ ನಡೆಯುವ ದಾರಿಯಲ್ಲಿ ಮಗಳು ಯಾವುದಕ್ಕೆ ಅಂಜುತ್ತಾಳೆಂದೂ ಬಲ್ಲಳು. ಇದನ್ನು ಕೇಳದೆ ಕಮಾನಿಗೆ ಯಾರ ಹೆಸರಿಡಬೇಕೆಂದು ಎರಡು ತಾಸು ವಾದಿಸಿದರೆ ಕಮಾನು ಎದ್ದು ನಿಲ್ಲುತ್ತದೆ, ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ.

ಆದ್ದರಿಂದ ಊರ ಹಿರಿಯರಲ್ಲಿ ಒಂದು ವಿನಂತಿ. ಮುಂದಿನ ಸಭೆಯನ್ನು ಹೆಣ್ಣುಮಕ್ಕಳ ಕೂಲಿ, ಅಡಿಗೆ ಮುಗಿಯುವ ಹೊತ್ತಿಗೆ ಕರೆಯಿರಿ. ಬಾಗಿಲಲ್ಲಿ ನಿಂತವರನ್ನು ಒಳಗೆ ಕೂಡ್ರಿಸಿರಿ. ಠರಾವು ಬರೆಯುವ ಮೊದಲು ಅವರ ಮಾತು ಕೇಳಿರಿ. ಹೆಂಡತಿಯ ಬದಲು ಗಂಡ ಎದ್ದರೆ ಅವನನ್ನು ಕುಳ್ಳಿರಲು ಹೇಳಿರಿ. ಅಲ್ಲಮಪ್ರಭುಗಳು ಕೇಳಿಸಿಕೊಂಡದ್ದರಿಂದ ಅವರ ಹಿರಿತನ ಕುಂದಲಿಲ್ಲ. ನಮ್ಮದೂ ಕುಂದುವುದಿಲ್ಲ.