ಸ್ಕಾಟ್ಲೆಂಡಿನ ಮುತ್ತಾತನ ಊರು ಹುಡುಕುವ ಬಗೆ

ವೈಟ್‌ಫೀಲ್ಡ್ ಎಂದರೆ ಈಗಿನವರಿಗೆ ಐಟಿಪಿಎಲ್, ಕಾಡುಗೋಡಿಯವರೆಗೆ ಓಡುವ ನೇರಳೆ ಮಾರ್ಗದ ಮೆಟ್ರೋ, ಸಂಜೆಯ ಟ್ರಾಫಿಕ್ಕು. ಊರಿಗೆ ಈ ಹೆಸರು ಬಂದದ್ದು ಡಿ. ಎಸ್. ವೈಟ್ ಅವರಿಂದ. ಮದ್ರಾಸಿನಲ್ಲಿ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ನರ ಸಂಘ ಕಟ್ಟಿದವರು ಅವರು. ಆ ಜನ ನೆಲೆ ನಿಂತು ಬೇಸಾಯ ಮಾಡಲೆಂದು ಹತ್ತನೇ ಚಾಮರಾಜ ಒಡೆಯರು 1882ರಲ್ಲಿ ಬೆಂಗಳೂರಿನ ಪೂರ್ವಕ್ಕೆ 3,900 ಎಕರೆ ಜಮೀನು ಕೊಟ್ಟರು. ನಡುವೆ ದುಂಡನೆಯ ಬಯಲು, ಸುತ್ತ ಹೆಂಚಿನ ಮನೆಗಳು ಎದ್ದವು. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂಬ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ.

ಇಲ್ಲಿಯ ಆಂಗ್ಲೋ ಇಂಡಿಯನ್ ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ಒಂದು ಮಾತುಂಟು: ನಮ್ಮ ಮುತ್ತಾತ ಸ್ಕಾಟ್ಲೆಂಡಿನವನಂತೆ. ಎಲ್ಲಿಯವನು, ಯಾರ ಮಗ, ಯಾಕೆ ಬಂದ ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಆ 'ಅಂತೆ'ಯನ್ನು ದಾಖಲೆಯಿಂದ ದಾಖಲೆಗೆ ಹೆಜ್ಜೆಯಿಟ್ಟು 'ಹೌದು' ಎನ್ನುವ ತನಕ ಒಯ್ಯುವುದು ಒಂದು ಕಸುಬು. ನಮ್ಮ ಉತ್ತರ ಕರ್ನಾಟಕದಲ್ಲಿ ಹೆಳವರು ಮನೆ ಬಾಗಿಲಿಗೆ ಬಂದು ವಂಶಾವಳಿ ಹೇಳುತ್ತಾರಲ್ಲ, ಅವರ ಕಸುಬಿಗೆ ಇದು ಹತ್ತಿರದ್ದು. ಹೆಳವರಿಗೆ ಅವರದೇ ಹೊತ್ತಿಗೆಯ ಆಸರೆಯಿದೆ. ಇಲ್ಲಿ ಹೊತ್ತಿಗೆಯ ಹಾಳೆಗಳು ಬೆಂಗಳೂರು, ಚೆನ್ನೈ, ಲಂಡನ್, ಎಡಿನ್‌ಬರೋಗಳಲ್ಲಿ ಚದುರಿ ಹೋಗಿವೆ.

ಮೊದಲ ನಿಯಮ, ಹುಡುಕಾಟವನ್ನು ಸ್ಕಾಟ್ಲೆಂಡಿನಿಂದ ಶುರು ಮಾಡಬಾರದು. ತನ್ನಿಂದ ಅಪ್ಪ ಅಮ್ಮನಿಗೆ, ಅವರಿಂದ ಅಜ್ಜ ಅಜ್ಜಿಗೆ, ಹೀಗೆ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯಬೇಕು. ಪ್ರತಿ ಮೆಟ್ಟಿಲಿಗೂ ಒಂದು ಕಾಗದದ ಪುರಾವೆ ಬೇಕು. ಹೆಸರೊಂದನ್ನೇ ನಂಬಿದವರು ದಾರಿ ತಪ್ಪುತ್ತಾರೆ. ವೈಟ್‌ಫೀಲ್ಡ್‌ನ ಹೆಸರಾಂತ ವೇವರ್ಲಿ ಇನ್ ನಡೆಸುತ್ತಿದ್ದವರು ಹ್ಯಾಮಿಲ್ಟನ್ ಮನೆತನದವರು. 'ವೇವರ್ಲಿ' ವಾಲ್ಟರ್ ಸ್ಕಾಟ್ 1814ರಲ್ಲಿ ಪ್ರಕಟಿಸಿದ ಕಾದಂಬರಿಯ ಹೆಸರು. ಹ್ಯಾಮಿಲ್ಟನ್ ಸ್ಕಾಟ್ಲೆಂಡಿನ ಒಂದು ಪಟ್ಟಣದ ಹೆಸರು. ಎರಡನ್ನೂ ಕೂಡಿಸಿ ಇವರು ಸ್ಕಾಟರೇ ಸೈ ಎಂದು ತೀರ್ಪು ಕೊಡುವ ಆಸೆಯಾಗುತ್ತದೆ. ಆದರೆ ಅದೇ ಹೆಸರಿನವರು ತಲೆತಲಾಂತರದಿಂದ ಐರ್ಲೆಂಡಿನ ಉತ್ತರದಲ್ಲೂ ಇದ್ದಾರೆ. ಹೆಸರು ಸುಳಿವು ಕೊಟ್ಟೀತು, ಸಾಕ್ಷಿ ನುಡಿಯದು. ಬೆಂಗಳೂರು ದಂಡಿನಲ್ಲಿದ್ದ ಯುವಕ ಚರ್ಚಿಲ್ ಆ ಇನ್ನಿಗೆ ಬಂದು ಹೋಗುತ್ತಿದ್ದನೆಂಬ ಊರಿನ ಕತೆಯನ್ನೂ ಕಸುಬುದಾರರು ಬರೆದುಕೊಳ್ಳುತ್ತಾರೆ; 'ಕೇಳಿದ್ದು' ಎಂಬ ಗುರುತು ಹಾಕಿಯೇ ಬರೆದುಕೊಳ್ಳುತ್ತಾರೆ.

ಭಾರತದಲ್ಲಿ ಸಿಗುವ ಕಾಗದಗಳಲ್ಲಿ ಚರ್ಚಿನ ರಿಜಿಸ್ಟರುಗಳದೇ ದೊಡ್ಡ ಪಾಲು. ದಂಡಿನ ಪಾದ್ರಿಗಳು ದೀಕ್ಷಾಸ್ನಾನ, ಮದುವೆ, ಮಣ್ಣು ಮಾಡಿದ್ದು ಮೂರನ್ನೂ ಬರೆದಿಟ್ಟು, ಅದರ ನಕಲನ್ನು ಮದ್ರಾಸಿಗೆ ಕಳಿಸುತ್ತಿದ್ದರು. ಅಲ್ಲಿಂದ ಇನ್ನೊಂದು ನಕಲು ಲಂಡನ್ನಿಗೆ ಹೋಗುತ್ತಿತ್ತು. ಈಗ ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಮದ್ರಾಸ್ ಪ್ರಾಂತ್ಯದ ಸಾಲಿಗೆ ಎನ್/2 ಎಂಬ ಗುರುತು. ಬೆಂಗಳೂರು ದಂಡಿನ ನಮೂದುಗಳನ್ನು ಹುಡುಕಬೇಕಾದದ್ದು ಇಲ್ಲೇ. ಇಲ್ಲಿ ಹಳಬರು ನೆನಪಿಡುವ ಒಂದು ಸಂಗತಿಯಿದೆ. ನಕಲು ಮಾಡುವ ಗುಮಾಸ್ತ ಒಂದು ಅಕ್ಷರ ತಪ್ಪಿದರೂ ಮನೆತನವೇ ಬೇರೆಯಾಗಿಬಿಡುತ್ತದೆ. ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್ ಚರ್ಚು ಸ್ಕಾಟರೇ 1860ರ ದಶಕದಲ್ಲಿ ಕಟ್ಟಿಕೊಂಡದ್ದು. ಅಂಥ ಕಡೆ ಮೂಲ ರಿಜಿಸ್ಟರು ಉಳಿದಿದ್ದರೆ ಅದನ್ನು ನೋಡದೆ ಮುಂದೆ ಹೋಗುವುದು ಸಲ್ಲ.

ಪಳಗಿದವರು ಮದುವೆಯ ನಮೂದಿನಲ್ಲಿ ವಧೂವರರಿಗೆ ಕೊಟ್ಟಷ್ಟೇ ಗಮನ ಕೊಟ್ಟು ಸಾಕ್ಷಿಗಳ ಸಹಿಯನ್ನೂ ಓದುತ್ತಾರೆ. ಸಾಕ್ಷಿ ಹಾಕಿದವನು ಅಣ್ಣನಿರಬಹುದು, ಒಂದೇ ರೆಜಿಮೆಂಟಿನ ಗೆಳೆಯನಿರಬಹುದು, ವಧುವಿನ ಮಲತಂದೆಯಿರಬಹುದು. ತಾತನ ಹೆಸರಿನಲ್ಲಿ ಏನೂ ಸಿಗದಿದ್ದಾಗ ಸಾಕ್ಷಿಯ ಜಾಡು ಹಿಡಿದು ಹೋದವರಿಗೆ ದಾರಿ ತೆರೆದುಕೊಂಡದ್ದುಂಟು.

ತಾತ ಸಿಪಾಯಿಯಾಗಿದ್ದರೆ ಅದೃಷ್ಟ. ಮನೆಯ ಕತೆಯಲ್ಲಿ ಅವನು ಆಫೀಸರನಾಗಿರುತ್ತಾನೆ, ಕಾಗದದಲ್ಲಿ ಬಹುಮಟ್ಟಿಗೆ ಸಾದಾ ಸಿಪಾಯಿ. ಹಾಗಿದ್ದರೇ ಒಳ್ಳೆಯದು! ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಡಬ್ಲ್ಯೂಒ 97 ಎಂಬ ಸಾಲಿದೆ. ಪಿಂಚಣಿ ಪಡೆದು ಬಿಡುಗಡೆಯಾದ ಸಿಪಾಯಿಗಳ ಕಾಗದಗಳು ಅಲ್ಲಿವೆ. ಅಂಥದೊಂದು ಹಾಳೆಯಲ್ಲಿ ಅಚ್ಚಾದ ಸಾಲುಗಳ ನಡುವೆ ಖಾಲಿ ಬಿಟ್ಟ ಜಾಗಗಳಿರುತ್ತವೆ, ಗುಮಾಸ್ತ ಅವನ್ನು ಮಸಿಯಿಂದ ತುಂಬಿರುತ್ತಾನೆ: ಹುಟ್ಟಿದ ಪ್ಯಾರಿಷ್, ಹತ್ತಿರದ ಪಟ್ಟಣ, ಕೌಂಟಿ, ಸೇರುವ ಮುಂಚೆ ಮಾಡುತ್ತಿದ್ದ ಕೆಲಸ, ಎತ್ತರ, ಕೂದಲು ಮತ್ತು ಕಣ್ಣಿನ ಬಣ್ಣ, ಮೈಬಣ್ಣ. ಫೋಟೋ ಇಲ್ಲದ ಕಾಲದ ಮುತ್ತಾತನ ಚಹರೆ ಸಿಗುವುದು ಇಲ್ಲಿಯೇ. ಅದಕ್ಕಿಂತ ಮುಖ್ಯವಾಗಿ ಪ್ಯಾರಿಷ್‌ನ ಹೆಸರು ಸಿಗುತ್ತದೆ. ಪ್ಯಾರಿಷ್ ಗೊತ್ತಾಗುವ ತನಕ ಸ್ಕಾಟ್ಲೆಂಡ್ ಒಂದು ದೇಶ. ಗೊತ್ತಾದ ಮೇಲೆ ಅದು ಒಂದು ಚರ್ಚಿನ ಸುತ್ತಲಿನ ಕೆಲವು ಹಳ್ಳಿ.

ಅಲ್ಲಿಂದ ಮುಂದೆ ಸ್ಕಾಟ್ಲೆಂಡಿನ ದಾಖಲೆಗಳ ಸೊಗಸು ಕಾಣುತ್ತದೆ. 1855ರ ಜನವರಿ 1ರಿಂದ ಅಲ್ಲಿ ಜನನ ಮರಣಗಳ ನೋಂದಣಿ ಕಡ್ಡಾಯವಾಯಿತು. ಆ ಮೊದಲ ವರ್ಷದ ಜನನ ಪತ್ರ ತಂದೆ ತಾಯಿಯ ವಯಸ್ಸು, ಹುಟ್ಟೂರು, ಮದುವೆಯಾದ ಸ್ಥಳ, ಮುಂಚೆ ಹುಟ್ಟಿದ ಮಕ್ಕಳ ವಿವರ ಎಲ್ಲವನ್ನೂ ಕೇಳುತ್ತಿತ್ತು. ಬರೆಯುವವರಿಗೆ ಭಾರವಾಗಿ ಮರುವರ್ಷವೇ ವಿವರ ಕಡಿಮೆಯಾಯಿತು. ಆದ್ದರಿಂದ ಮುತ್ತಾತ ಇಲ್ಲಿದ್ದರೂ ಊರಲ್ಲಿ ಉಳಿದ ಅವನ ತಮ್ಮನಿಗೋ ತಂಗಿಗೋ 1855ರಲ್ಲಿ ಮಗು ಹುಟ್ಟಿತ್ತೇ ಎಂದು ನೋಡುವುದು ಬಲ್ಲವರ ಉಪಾಯ. ಅದಕ್ಕೂ ಹಿಂದಿನದಕ್ಕೆ ಹಳೆಯ ಪ್ಯಾರಿಷ್ ರಿಜಿಸ್ಟರುಗಳೇ ಗತಿ. ಅವುಗಳಲ್ಲಿ ಹಳೆಯದು 1553ರಷ್ಟು ಹಿಂದಿನದು, ಆದರೆ ಎಲ್ಲ ಊರಿನದೂ ಅಷ್ಟು ಹಿಂದಿನದಲ್ಲ. 1783ರಿಂದ 1794ರವರೆಗೆ ಪ್ರತಿ ನಮೂದಿಗೆ ಮೂರು ಪೆನ್ನಿ ತೆರಿಗೆಯಿತ್ತು. ಬಡವರು ಮಗುವಿನ ಹೆಸರು ಬರೆಸದೇ ಉಳಿದರು. ಆ ಹನ್ನೊಂದು ವರ್ಷದಲ್ಲಿ ಹುಟ್ಟಿದವನು ರಿಜಿಸ್ಟರಿನಲ್ಲಿ ಸಿಗದಿದ್ದರೆ ಅವನು ಹುಟ್ಟಲೇ ಇಲ್ಲವೆಂದಲ್ಲ.

ಹೆಸರಿಡುವ ಪದ್ಧತಿ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ಹಿರಿಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು, ಮೂರನೆಯವನಿಗೆ ಅಪ್ಪನದು. ಹಿರಿಮಗಳಿಗೆ ಅಮ್ಮನ ಅಮ್ಮನ ಹೆಸರು, ಎರಡನೆಯವಳಿಗೆ ಅಪ್ಪನ ಅಮ್ಮನದು. ಎಲ್ಲರೂ ಪಾಲಿಸಿದರೆಂದಲ್ಲ, ಆದರೂ ಬೆಂಗಳೂರಿನಲ್ಲಿ ಹುಟ್ಟಿದ ಮಕ್ಕಳ ಹೆಸರನ್ನು ಹುಟ್ಟಿದ ಕ್ರಮದಲ್ಲಿ ಬರೆದರೆ ಸಮುದ್ರದಾಚೆಯ ಅಜ್ಜ ಅಜ್ಜಿಯರ ಹೆಸರು ಊಹೆಗೆ ಸಿಗುತ್ತದೆ. ಈ ಪದ್ಧತಿಯೇ ತೊಡಕನ್ನೂ ತರುತ್ತದೆ: ಒಂದೇ ಪ್ಯಾರಿಷ್‌ನಲ್ಲಿ ಒಂದೇ ಹೆಸರಿನ ಮೂವರು ದಾಯಾದಿಗಳು ಆಸುಪಾಸಿನ ವರ್ಷಗಳಲ್ಲಿ ಹುಟ್ಟಿರುತ್ತಾರೆ. ಆಗ ನಮ್ಮವನು ಯಾರೆಂದು ಹುಡುಕುವ ಮೊದಲು ಉಳಿದಿಬ್ಬರ ಜೀವನ ಹುಡುಕಬೇಕು. ಒಬ್ಬ ಮಗುವಾಗಿದ್ದಾಗಲೇ ತೀರಿಕೊಂಡ, ಇನ್ನೊಬ್ಬ 1841ರ ಜನಗಣತಿಯಲ್ಲಿ ಊರಿನಲ್ಲೇ ಹೆಂಡತಿ ಮಕ್ಕಳ ಜೊತೆಗಿದ್ದ ಎಂದು ತೋರಿಸಿದ ಮೇಲೆ ಉಳಿದವನು ನಮ್ಮವನು. ನಮಗೆ ಸಂಬಂಧವೇ ಇಲ್ಲದ ಇಬ್ಬರ ಬದುಕಿಗೆ ವಾರಗಟ್ಟಲೆ ಕೊಡುವ ಈ ತಾಳ್ಮೆಯೇ ಈ ಕಸುಬಿನ ಅತ್ಯುತ್ತಮ ಭಾಗವೆಂದು ನನ್ನ ಎಣಿಕೆ.

ಇಂಥ ಹುಡುಕಾಟ ಹಿಂದೆ ಅತ್ತಲಿಂದ ಇತ್ತಲೂ ನಡೆದಿತ್ತು: ನಮ್ಮ ನಾಡಿನ ಊರೂರಿನ ಕೈಫಿಯತ್ತುಗಳನ್ನು, ಅರಸುಮನೆಗಳ ವಂಶಾವಳಿಗಳನ್ನು ಬರೆಸಿ ತೆಗೆಸಿದ ಕರ್ನಲ್ ಕಾಲಿನ್ ಮೆಕೆಂಜಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೋವೇ ಊರಿನವರು. ಅವರಿಗೆ ಕಾವಲಿ ವೆಂಕಟ ಬೋರಯ್ಯನಂಥ ಪಂಡಿತರು ನೆರವಾದರು. ಮೆಕೆಂಜಿಯವರ ಊರಿನ ಹಳೆಯ ದಫ್ತರಗಳನ್ನು ಈಗ ಬೆಂಗಳೂರಿನ ಮನೆಯೊಂದರಲ್ಲಿ ಕೂತು ಇಂಟರ್ನೆಟ್ಟಿನಲ್ಲಿ ಓದಬಹುದು ಎಂಬುದು ನನಗೆ ಬಲು ಇಷ್ಟವಾದ ಸಂಗತಿ.

ಸ್ಕಾಟ್ಲೆಂಡಿನ ದಾಖಲೆಯಲ್ಲಿ ಮದುವೆಯಾದ ಹೆಣ್ಣಿನ ತವರಿನ ಹೆಸರು ಅಳಿಯುವುದಿಲ್ಲ. ಅವಳ ಮರಣ ಪತ್ರದಲ್ಲೂ ಅವಳ ಅಪ್ಪನ ಹೆಸರು, ಅಮ್ಮನ ತವರಿನ ಹೆಸರು ಇರುತ್ತವೆ. ಇಲ್ಲಿನ ದಂಡಿನ ರಿಜಿಸ್ಟರಿಗೆ ಬನ್ನಿ. ಅಪ್ಪನ ಹೆಸರು, ಹುದ್ದೆ, ರೆಜಿಮೆಂಟು ಸ್ಪಷ್ಟ. ತಾಯಿ ಇಲ್ಲಿಯವಳಾದರೆ 'ದೇಶೀ ಹೆಂಗಸು' ಎಂದಿರುತ್ತದೆ, ಇಲ್ಲವೇ ಆ ಜಾಗ ಖಾಲಿ. ಅವಳನ್ನು ಮರೆಮಾಡಲು ಕಾರಣವೂ ಇತ್ತು: 1791ರಲ್ಲಿ ಈಸ್ಟ್ ಇಂಡಿಯಾ ಕಂಪನಿ, ಭಾರತೀಯ ತಾಯಿಯ ಮಕ್ಕಳಿಗೆ ತನ್ನ ಸಿವಿಲ್, ಮಿಲಿಟರಿ ಹುದ್ದೆಗಳ ಬಾಗಿಲು ಮುಚ್ಚಿತು. ನಮ್ಮ ಸಂವಿಧಾನದ 366ನೇ ವಿಧಿ ಕೂಡ ಆಂಗ್ಲೋ ಇಂಡಿಯನ್ ಯಾರೆಂಬುದನ್ನು ಗಂಡು ಸಂತತಿಯ ಕಡೆಯಿಂದಲೇ ಹೇಳುತ್ತದೆ. ಅಜ್ಜನ ಕಾಗದ ಸಿಕ್ಕೊಡನೆ ಹುಡುಕಾಟ ಮುಗಿಯಿತೆಂದು ಎದ್ದು ಹೋಗುವವರು ಅರ್ಧ ಕೆಲಸ ಮಾಡಿದವರು. ಸ್ಕಾಟ್ಲೆಂಡಿನ ಒಬ್ಬ ಮುತ್ತಾತನಿಗೆ ಸಲ್ಲಿಸಿದ ಶ್ರದ್ಧೆ ಇಲ್ಲಿಯ ಮುತ್ತಜ್ಜಿಗೂ ಸಲ್ಲಬೇಕು.

ಅವಳು ಸಿಗುವುದು ಹೆಚ್ಚಾಗಿ ಉಯಿಲುಗಳಲ್ಲಿ. ಚರ್ಚಿನಲ್ಲಿ ಹೆಂಡತಿಯೆಂದು ಬರೆಸದ ಎಷ್ಟೋ ಗಂಡಸರು ಸಾವಿನ ಹೊತ್ತಿಗೆ ಅವಳ ಹೆಸರು ಹಿಡಿದು ಹಣ, ಮನೆ, ಒಡವೆ ಬಿಟ್ಟಿದ್ದಾರೆ. ಉಚ್ಚಾರಣೆ ಕೆಟ್ಟಿರುತ್ತದೆ, ಆ ಇಂಗ್ಲಿಷ್ ಕಾಗುಣಿತವನ್ನು ಬಾಯಿಬಿಟ್ಟು ಓದಿದರೆ ಒಳಗಿನ ಮುನಿಯಮ್ಮನೋ ಫಾತಿಮಾಳೋ ಹೊರಗೆ ಬರುತ್ತಾಳೆ. ಡಿಎನ್‌ಎ ಪರೀಕ್ಷೆ ನಮ್ಮಲ್ಲಿ ಈ ನೆಲದ ಪಾಲಿದೆ ಎಂದಷ್ಟೇ ಹೇಳೀತು. ಹೆಸರು ಕೊಡುವ ಶಕ್ತಿ ಅದಕ್ಕಿಲ್ಲ.

ವೈಟ್‌ಫೀಲ್ಡ್‌ನ ಹಳೆಯ ಮನೆತನಗಳ ಮಕ್ಕಳು ಮೊಮ್ಮಕ್ಕಳು ಆಸ್ಟ್ರೇಲಿಯಾ, ಇಂಗ್ಲೆಂಡ್, ಕೆನಡಾಗಳಿಗೆ ಹೋಗಿದ್ದಾರೆ. ಹಿರಿಯರೊಬ್ಬರು ಮಾತಿಗೆ ಸಿಕ್ಕರೆ ತಾತನ ರೆಜಿಮೆಂಟು ಆಮೇಲೆ ಕೇಳಿ. ಅಜ್ಜಿ ಸಿಟ್ಟು ಬಂದಾಗ ಯಾವ ಭಾಷೆಯಲ್ಲಿ ಬೈಯುತ್ತಿದ್ದರು, ಹಬ್ಬಕ್ಕೆ ಏನು ಮಾಡುತ್ತಿದ್ದರು, ಯಾವ ಊರಿನಿಂದ ನೆಂಟರು ಬರುತ್ತಿದ್ದರು ಎಂದು ಮೊದಲು ಕೇಳಿ. ತೆಲುಗಿನಲ್ಲಿ ಬೈಯುತ್ತಿದ್ದರು ಎಂದು ಉತ್ತರ ಬಂದರೆ ಮುಂದೆ ತೆಗೆಸಬೇಕಾದದ್ದು ಬೆಂಗಳೂರಿನ ರಿಜಿಸ್ಟರಲ್ಲ, ಬಳ್ಳಾರಿ ದಂಡಿನದು ಇರಬಹುದು.