ಆಡಿನ ಹಾಲಿನ ವಾಸನೆ: ಹೋತವನ್ನು ಬಿಡಿ, ಪೈಪು ನೋಡಿ

"ಆಡಿನ ಹಾಲಲ್ವಾ, ವಾಸನೆ ಇದ್ದೇ ಇರುತ್ತೆ. ಹೋತಾನ ದೂರ ಕಟ್ಟಿ, ಸರಿಹೋಗುತ್ತೆ."

ಮಷಿನ್ನಿನಲ್ಲಿ ಹಾಲು ಕರೆಯುವವರೂ ಈ ಮಾತನ್ನೇ ನಂಬಿ ಕೂತಿರುವುದು ಕಂಡರೆ ಸಿಟ್ಟು ಬರುತ್ತದೆ. ಹೋತವನ್ನು ತೋಟದ ಆಚೆ ಕಟ್ಟುತ್ತಾರೆ, ಮೇವು ಬದಲಿಸುತ್ತಾರೆ, ಕೊಟ್ಟಿಗೆಗೆ ಫಿನಾಯಿಲ್ ಹಾಕುತ್ತಾರೆ. ವಾಸನೆ ಹೋಗದಿದ್ದಾಗ ಆಡಿನ ಜಾತಿಯನ್ನೇ ದೂರುತ್ತಾರೆ. ಹಾಲು ಹರಿಯುವ ಪೈಪನ್ನು ಮಾತ್ರ ಯಾರೂ ನೋಡುವುದಿಲ್ಲ. ತೆರೆದ ಪಾತ್ರೆ ಹಿಡಿದು ಹೋತದ ಪಕ್ಕದಲ್ಲೇ ಕರೆದರೆ ಹಾಲಿಗೆ ಅದರ ವಾಸನೆ ಹತ್ತಬಹುದು, ಒಪ್ಪುತ್ತೇನೆ. ಮುಚ್ಚಿದ ಕ್ಯಾನಿಗೆ ನೇರವಾಗಿ ಸೇರುವ ಹಾಲಿಗೂ ಅದನ್ನೇ ಕಾರಣ ಹೇಳಿದರೆ ಹೇಗೆ?

ಆರೋಗ್ಯವಂತ ಆಡಿನಿಂದ ಶುಚಿಯಾಗಿ ಕರೆದು, ಬೇಗ 4 ಡಿಗ್ರಿಗೆ ತಣಿಸಿದ ಹಾಲಿಗೆ ಹೇಳಿಕೊಳ್ಳುವಂಥ ವಾಸನೆ ಇರುವುದಿಲ್ಲ. ಅದು ಹುಟ್ಟುವುದು ಆಮೇಲೆ. ಹಾಲಿನ ಜಿಡ್ಡು ತೆಳುಪೊರೆ ಸುತ್ತಿದ ಸೂಕ್ಷ್ಮ ಗೋಲಿಗಳಾಗಿರುತ್ತದೆ. ಲೈಪೇಸ್ ಎಂಬ ಕಿಣ್ವವೂ ಅದೇ ಹಾಲಿನಲ್ಲಿದೆ. ಪೊರೆ ಹರಿದರೆ ಲೈಪೇಸ್ ಜಿಡ್ಡನ್ನು ಒಡೆದು ಕ್ಯಾಪ್ರೋಯಿಕ್, ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಆಮ್ಲಗಳನ್ನು ಹೊರಬಿಡುತ್ತದೆ. ಆಡಿನ ಹಾಲಿನ ಕೊಬ್ಬಿನಲ್ಲಿ ಇವು ಹಸುವಿನದಕ್ಕಿಂತ ಹೆಚ್ಚು. ಹೊರಬಂದವೆಂದರೆ ಮೂಗಿಗೆ ಬಡಿಯುತ್ತವೆ.

ಪೊರೆ ಹರಿಯುವುದು ಗಾಳಿಯ ಜೊತೆ ಸೇರಿ ಹಾಲು ಕಡೆದುಹೋದಾಗ. ಲೈನರ್ ರಬ್ಬರು ಸಡಿಲವಾಗಿ ಮೊಲೆತೊಟ್ಟಿನಿಂದ ಜಾರಿದರೆ, ಜೋಡಣೆಯಲ್ಲಿ ಸಂದಿಯಿದ್ದರೆ, ಬಿರುಕುಬಿಟ್ಟ ಪೈಪು ಗಾಳಿ ಎಳೆದರೆ, ಹಾಲನ್ನು ತಲೆಯ ಮೇಲಿನ ಪೈಪಿಗೆ ಎತ್ತಿ ಆಮೇಲೆ ಇಳಿಸಿದರೆ, ದಾರಿಯುದ್ದಕ್ಕೂ ನೊರೆ. ನೊರೆಹಾಲು ಎಂದರೆ ತಾಜಾ ಹಾಲು ಎಂದು ನಂಬಿದ ನಾವು ಆ ನೊರೆ ಕಂಡು ಸಂತೋಷಪಡುತ್ತೇವೆ! ಹಾಲು ಕಾಯಿಸಿದರೆ ಲೈಪೇಸ್ ಸಾಯುತ್ತದೆ ನಿಜ, ಆದರೆ ಅಷ್ಟರೊಳಗೆ ಬಿಡುಗಡೆಯಾದ ಆಮ್ಲ ಹಾಲಿನಲ್ಲೇ ಉಳಿಯುತ್ತದೆ. ಪರೀಕ್ಷೆ ಸುಲಭ: ಒಂದೇ ಆಡಿನ ಹಾಲನ್ನು ಸ್ವಲ್ಪ ಕೈಯಲ್ಲಿ, ಸ್ವಲ್ಪ ಮಷಿನ್ನಿನಲ್ಲಿ ಕರೆದು ಫ್ರಿಜ್ಜಿನಲ್ಲಿಟ್ಟು, ಮರುದಿನ ಎರಡನ್ನೂ ಕಾಯಿಸಿ ರುಚಿ ನೋಡಿ.

ತಳಿಯದೂ ಪಾಲಿದೆ. ನಾರ್ವೆಯ ಆಡುಗಳಲ್ಲಿ ಕೇಸಿನ್ ಪ್ರೋಟೀನಿನ ಒಂದು ಜೀನ್ ದೋಷ ವ್ಯಾಪಕವಾಗಿತ್ತು. ಅದಿದ್ದ ಆಡುಗಳ ಹಾಲಿಗೆ ಕಮಟು ರುಚಿ ಬೇಗ ಬರುತ್ತಿತ್ತು. ಅಲ್ಲಿಯವರು ತಳಿ ಆಯ್ಕೆಯಿಂದಲೇ ಅದನ್ನು ತಗ್ಗಿಸಿದರು. ಅವರು ಕಾರಣ ಹುಡುಕಿದರು, ಹೋತವನ್ನು ದೂರುತ್ತಾ ಕೂರಲಿಲ್ಲ.

ವ್ಯಾಕ್ಯೂಮ್ ಏರಿಸಿದರೆ ಹಾಲು ಹೆಚ್ಚುತ್ತದೆ ಎಂಬುದು ಇನ್ನೊಂದು ನಂಬಿಕೆ. ಹೆಚ್ಚುವುದು ಮೊಲೆತೊಟ್ಟಿನ ತುದಿಯ ಗಾಯ, ಅದರ ಹಿಂದೆ ಕೆಚ್ಚಲು ಬಾವು. ಹಸುವಿಗೆ ಹೊಂದಿಸಿದ ಮಷಿನ್ನಿಗೆ ಎರಡು ಕಪ್ ಸಿಕ್ಕಿಸಿದ ಮಾತ್ರಕ್ಕೆ ಅದು ಆಡಿನದಾಗುವುದಿಲ್ಲ. ಆಡಿಗೆ ಸಾಮಾನ್ಯವಾಗಿ 36ರಿಂದ 40 ಕಿಲೋಪಾಸ್ಕಲ್ ಸಾಕು; ಪಲ್ಸೇಟರ್ ಮಿಡಿತ ಹಸುವಿಗೆ ನಿಮಿಷಕ್ಕೆ 60ರ ಆಸುಪಾಸು, ಆಡಿಗೆ 90ರ ಆಸುಪಾಸು.

ಕರೆದು ಮುಗಿದೊಡನೆ ಪೈಪಿಗೆ ಕುದಿಯುವ ನೀರು ಹಾಯಿಸಬೇಡಿ, ಪ್ರೋಟೀನು ಒಳಗೇ ಹೆಪ್ಪುಗಟ್ಟಿ ಅಂಟುತ್ತದೆ. ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ಬಿಸಿನೀರಿನ ಡಿಟರ್ಜೆಂಟು. ಕೆಚ್ಚಲು ಬಾವಿನ ಸುಳಿವೆಂದು ನೋಡುವ ಹಾಲಿನ ಜೀವಕೋಶಗಳ ಎಣಿಕೆ ಹೆಚ್ಚು ಬಂದಿತೆಂದು ತಕ್ಷಣ ಆಂಟಿಬಯಾಟಿಕ್ ಚುಚ್ಚಬೇಡಿ: ಆಡಿಗೆ ಆ ಎಣಿಕೆ ಸಹಜವಾಗಿಯೇ ಹೆಚ್ಚು. ಅಮೆರಿಕದಲ್ಲಿ ಹಸುವಿನ ಹಾಲಿಗೆ ಮಿಲಿಲೀಟರಿಗೆ 7.5 ಲಕ್ಷದ ಮಿತಿಯಿದ್ದರೆ ಆಡಿನ ಹಾಲಿಗೆ 15 ಲಕ್ಷ.

ಇಷ್ಟೆಲ್ಲ ಹೇಳಿದರೂ ಜನ ಕೇಳುವುದು ಬೇರೆಯದನ್ನೇ: "ಡೆಂಗಿಗೆ ಪ್ಲೇಟ್‌ಲೆಟ್ ಏರುತ್ತಂತೆ, ಹಸಿ ಹಾಲು ಸಿಗುತ್ತಾ?" ಏರುತ್ತದೆ ಎನ್ನಲು ಆಧಾರವಿಲ್ಲ. ಆದರೂ ಡೆಂಗಿ ಹಬ್ಬಿದಾಗಲೆಲ್ಲ ಬೆಲೆ ಮುಗಿಲಿಗೇರುತ್ತದೆ. ವಾಸನೆಯೆಂದು ವರ್ಷವಿಡೀ ಮೂಗು ಮುಚ್ಚಿಕೊಂಡವರೇ ಆಗ ಕ್ಯೂ ನಿಲ್ಲುತ್ತಾರೆ. ಯಾವ ಆಡು, ಹೇಗೆ ಕರೆದದ್ದು, ಎಷ್ಟು ಹೊತ್ತು ಹೊರಗಿತ್ತು ಎಂದು ಒಬ್ಬರೂ ಕೇಳುವುದಿಲ್ಲ. ಜ್ವರದಿಂದ ಬಳಲುತ್ತಿರುವ ಮಗುವಿಗೆ ಆ ಹಾಲನ್ನು ಕಾಯಿಸದೆ ಕುಡಿಸಿದರೆ ಬ್ರುಸೆಲ್ಲೋಸಿಸ್ ಅಂಟಬಹುದು ಎಂದರೆ, ಹೇಳಿದವರ ಮೇಲೇ ಮುನಿಯುತ್ತಾರೆ.