ಚೆಸ್ ಆಟದಲ್ಲಿ ಕಲಿಯಲು ಕಷ್ಟವಾದ ಆರಂಭಗಳು



2024ರ ಡಿಸೆಂಬರ್‌ನಲ್ಲಿ ಚೆನ್ನೈನ 18 ವರ್ಷದ ಡಿ. ಗುಕೇಶ್ ಸಿಂಗಪುರದಲ್ಲಿ ಚೀನಾದ ಡಿಂಗ್ ಲಿರೆನ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದ ಮೇಲೆ ನಮ್ಮ ಶಾಲೆಯ ಶುಕ್ರವಾರದ ಚೆಸ್ ತರಗತಿಯಲ್ಲಿ ಕುರ್ಚಿಗಳು ಸಾಲದಾದವು. ಇದು ಸಂತೋಷದ ವಿಷಯವೇ. ಆದರೆ ಮಕ್ಕಳನ್ನು ಕರೆತರುವ ತಂದೆತಾಯಿಗಳ ಮೊದಲ ಪ್ರಶ್ನೆ ಮಾತ್ರ ಹೆಚ್ಚಾಗಿ ಒಂದೇ: "ಯಾವ ಓಪನಿಂಗ್ ಹೇಳಿಕೊಡುತ್ತೀರಿ ಸರ್?" ಕಾಸ್ಪರೋವ್ ಆಡುತ್ತಿದ್ದುದನ್ನೇ ಕಲಿಸಿ ಎನ್ನುವವರೂ ಇದ್ದಾರೆ. ಇಲ್ಲಿ ಮಸ್ಕತ್‌ನಲ್ಲಿ ಬೆಳೆಯುವ ಮಗುವಿಗೆ ಶಾಲೆಯ ಹೋಮ್‌ವರ್ಕ್, ಟ್ಯೂಷನ್, ಸಂಗೀತ, ಕನ್ನಡ ತರಗತಿ ಎಲ್ಲ ಮುಗಿದ ಮೇಲೆ ಚೆಸ್‌ಗೆ ಉಳಿಯುವುದು ವಾರಕ್ಕೆ ಎರಡು ಗಂಟೆ. ಆ ಎರಡು ಗಂಟೆಯನ್ನು ತಪ್ಪು ಆರಂಭದ ಮೇಲೆ ಸುರಿದರೆ ಮಗು ಸೋಲುತ್ತದೆ, ಏಕೆ ಸೋತೆ ಎಂದು ತಿಳಿಯುವುದಿಲ್ಲ, ಆರು ತಿಂಗಳಲ್ಲಿ ಬೋರ್ಡು ಅಟ್ಟ ಸೇರುತ್ತದೆ. ಆದ್ದರಿಂದ ಯಾವ ಆರಂಭಗಳು ಸಾಧಾರಣ ಆಟಗಾರರಿಗೆ ಕಷ್ಟ, ಏಕೆ ಕಷ್ಟ ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಹೆಸರುಗಳ ವಿಷಯ. ಊರಿನಲ್ಲಿ ಅಜ್ಜಂದಿರು ಹೇಳುವ ಆನೆ, ಕುದುರೆ, ಒಂಟೆ, ಕಾಲಾಳುಗಳನ್ನೇ ಇಲ್ಲಿಯೂ ಬಳಸುತ್ತೇನೆ. ಅವರ ಮಂತ್ರಿಯನ್ನು ಮಾತ್ರ ಮಕ್ಕಳ ರೂಢಿಯಂತೆ ರಾಣಿ ಎನ್ನುತ್ತೇನೆ. ಬಿಳಿ ಆಟಗಾರನ ಎಡಗಡೆಯಿಂದ ಸಾಲುಗಳು ಎ, ಬಿ, ಸಿ ಎಂದು ಎಚ್ ವರೆಗೆ. ಅವನ ಕಡೆಯಿಂದ ಮೇಲಕ್ಕೆ ಮನೆಗಳು 1ರಿಂದ 8. ಹಾಗಾಗಿ ಬಿಳಿ ರಾಜನ ಮುಂದಿನ ಕಾಲಾಳು ಎರಡು ಮನೆ ಮುಂದೆ ಬಂದರೆ ಅದು ಇ-4.

ಸಾಧಾರಣ ಆಟಗಾರ ಎಂದರೆ ಯಾರು? ಸುಮಾರು 1000ದಿಂದ 1600 ರೇಟಿಂಗ್‌ನ ಒಳಗಿರುವವರು ಎಂದುಕೊಳ್ಳಿ. ನಿಯಮಗಳು ಚೆನ್ನಾಗಿ ಗೊತ್ತು, ಎರಡು ಮೂರು ನಡೆ ಮುಂದೆ ನೋಡಬಲ್ಲರು, ಆದರೆ ಆಟಕ್ಕೊಮ್ಮೆಯಾದರೂ ಒಂದು ಕಾಯನ್ನು ಪುಕ್ಕಟೆ ಕೊಡುತ್ತಾರೆ. ಇವರಿಗೆ ಒಂದು ಆರಂಭ ಕಷ್ಟವಾಗಲು ಬೇರೆ ಬೇರೆ ಕಾರಣಗಳಿವೆ. ಕೆಲವು ಕಡೆ ನಡೆಗಳನ್ನು ಕಂಠಪಾಠ ಮಾಡಬೇಕು, ಮಗ್ಗಿಯ ಹಾಗೆ. ಕೆಲವು ಕಡೆ ನಡೆಗಳು ಸುಲಭ, ಅದರ ಹಿಂದಿನ ಯೋಚನೆ ಆಳ. ಇನ್ನು ಕೆಲವು ಕಡೆ ಎರಡೂ ಇದ್ದು, ಒಂದು ಹೆಜ್ಜೆ ತಪ್ಪಿದರೆ ಆಟವೇ ಮುಗಿಯುತ್ತದೆ.

ಕಂಠಪಾಠದ ಕಷ್ಟಕ್ಕೆ ಎಲ್ಲರೂ ಹೇಳುವ ಉದಾಹರಣೆ ಸಿಸಿಲಿಯನ್ ರಕ್ಷಣೆಯ ನಾಯ್ಡಾರ್ಫ್ ವಿಧಾನ. ಬಿಳಿ ಇ-4 ಆಡಿದಾಗ ಕಪ್ಪು ಸಿ-5 ಎಂದು ಪಕ್ಕದಿಂದ ಉತ್ತರ ಕೊಡುತ್ತದೆ. ಮಧ್ಯದಲ್ಲಿ ಒಂದು ಜೊತೆ ಕಾಲಾಳುಗಳು ಹೊಡೆದಾಡಿ ಹೋಗುತ್ತವೆ, ಎರಡೂ ಕಡೆ ಕುದುರೆಗಳು ಹೊರಬರುತ್ತವೆ. ಐದನೇ ನಡೆಯಲ್ಲಿ ಕಪ್ಪು ಮೂಲೆಯ ಕಾಲಾಳನ್ನು ಒಂದೇ ಮನೆ ತಳ್ಳಿ ಎ-6ಕ್ಕೆ ಇಡುತ್ತದೆ. ಅಷ್ಟೇ! ಕಾಯಿ ಹೊರಬರಲಿಲ್ಲ, ರಾಜ ಭದ್ರವಾಗಲಿಲ್ಲ. ನೋಡಿದ ಮಗು "ಇದೇನು ಸರ್, ಸುಮ್ಮನೆ ಒಂದು ನಡೆ ಹಾಳು?" ಎಂದು ಕೇಳಿದರೆ ಆ ಪ್ರಶ್ನೆ ಸರಿಯಾದ ಪ್ರಶ್ನೆ. ಬಿ-5 ಮನೆಗೆ ಬಿಳಿಯ ಕುದುರೆಯಾಗಲಿ ಒಂಟೆಯಾಗಲಿ ಬರದಂತೆ ಆ ಪುಟ್ಟ ಕಾಲಾಳು ಕಾವಲು ನಿಲ್ಲುತ್ತದೆ. ಅದಿಲ್ಲದೆ ಈಗಲೇ ಇ-5 ಎಂದು ಮಧ್ಯದಲ್ಲಿ ನುಗ್ಗಿದರೆ ಬಿಳಿಯ ಒಂಟೆ ಬಿ-5ಕ್ಕೆ ಬಂದು ಚೆಕ್ ಕೊಟ್ಟು ಕಾಡುತ್ತದೆ. ಒಂದು ನಡೆ ಕಾದರೆ ಆ ತೊಂದರೆ ಇಲ್ಲ.

ಇಷ್ಟು ಅರ್ಥವಾದರೆ ಸಾಲದು, ತಾಪತ್ರಯ ಶುರುವಾಗುವುದೇ ಇಲ್ಲಿಂದ. ಆರನೇ ನಡೆಯಲ್ಲಿ ಬಿಳಿಗೆ ಹತ್ತಿರ ಹತ್ತಿರ ಹತ್ತು ದಾರಿಗಳಿವೆ. ಒಂಟೆಯನ್ನು ಜಿ-5ಕ್ಕೆ ಇಡಬಹುದು, ಇ-3ಕ್ಕೆ ಇಡಬಹುದು, ಇನ್ನೊಂದು ಒಂಟೆಯನ್ನು ಇ-2ಕ್ಕೋ ಸಿ-4ಕ್ಕೋ ತರಬಹುದು, ಅಂಚಿನ ಕಾಲಾಳನ್ನು ತಳ್ಳಬಹುದು. ಪ್ರತಿಯೊಂದಕ್ಕೂ ಕಪ್ಪಿನ ಉತ್ತರ ಬೇರೆ. ದಾರಿ ಆರಿಸುವವನು ಎದುರಾಳಿ, ಎಲ್ಲ ದಾರಿಯನ್ನೂ ಓದಿಕೊಂಡು ಕೂರಬೇಕಾದವರು ನೀವು!

ಅದರಲ್ಲೂ 'ವಿಷದ ಕಾಲಾಳು' ಎಂಬ ಒಂದು ದಾರಿಯಿದೆ. ಕಪ್ಪಿನ ರಾಣಿ ಒಂಟಿಯಾಗಿ ಹೊರಟು ಬಿ-2ರಲ್ಲಿರುವ ಕಾಲಾಳನ್ನು ತಿನ್ನುತ್ತದೆ. ನಾವು ಮಕ್ಕಳಿಗೆ ಮೊದಲ ವಾರವೇ "ರಾಣಿಯನ್ನು ಬೇಗ ಹೊರಗೆ ತರಬೇಡಿ" ಎಂದು ಹೇಳಿಕೊಟ್ಟಿರುತ್ತೇವೆ, ಇಲ್ಲಿ ದೊಡ್ಡವರು ಅದನ್ನೇ ಮಾಡುತ್ತಾರೆ. 1972ರಲ್ಲಿ ರೆಯ್ಕ್ಯಾವಿಕ್‌ನ ವಿಶ್ವ ಚಾಂಪಿಯನ್‌ಷಿಪ್‌ನ 11ನೇ ಆಟದಲ್ಲಿ ಬಾಬಿ ಫಿಶರ್ ಈ ಕಾಲಾಳನ್ನು ತಿಂದರು. ಬೋರಿಸ್ ಸ್ಪಾಸ್ಕಿ 14ನೇ ನಡೆಯಲ್ಲಿ ತಮ್ಮ ಕುದುರೆಯನ್ನು ಅದು ಹೊರಟಿದ್ದ ಮನೆಗೇ ವಾಪಸು ಕಳಿಸಿದರು. ಕೊನೆಗೆ ಫಿಶರ್ ರಾಣಿಯನ್ನು ಕಳೆದುಕೊಂಡು ಸೋತರು. ಫಿಶರ್ ಅವರಿಗೇ ಹೀಗಾದರೆ, ಐದನೇ ತರಗತಿಯ ಮಗು ಏನು ಮಾಡಬೇಕು?

ಹೆಸರು ಬಂದದ್ದಕ್ಕೆ ಒಂದು ಮಾತು. ಮಿಗೆಲ್ ನಾಯ್ಡಾರ್ಫ್ ಪೋಲೆಂಡಿನವರು. 1939ರಲ್ಲಿ ಚೆಸ್ ಒಲಿಂಪಿಯಾಡ್ ಆಡಲು ಅರ್ಜೆಂಟೀನಾಕ್ಕೆ ಹೋಗಿದ್ದಾಗ ಯುದ್ಧ ಶುರುವಾಯಿತು. ಯಹೂದಿಯಾಗಿದ್ದ ಅವರು ಅಲ್ಲಿಯೇ ಉಳಿದರು, ಊರಿನಲ್ಲಿದ್ದ ಕುಟುಂಬ ನಾಜಿಗಳ ಕೈಯಲ್ಲಿ ನಾಶವಾಯಿತು. 1943ರಲ್ಲಿ ಅವರು ಬೋರ್ಡು ನೋಡದೆಯೇ 40 ಜನರೊಂದಿಗೆ ಏಕಕಾಲಕ್ಕೆ ಆಡಿದರು. ಸುದ್ದಿ ಯುರೋಪಿನ ಪತ್ರಿಕೆಗಳಿಗೆ ತಲುಪಿದರೆ ಮನೆಯವರಿಗೆ ತಾನು ಬದುಕಿರುವುದು ತಿಳಿದೀತು ಎಂಬ ಆಸೆ ಅವರದು. ಪರದೇಶದಲ್ಲಿ ಕೂತು ಊರಿನ ಸುದ್ದಿಗೆ ಕಾಯುವುದೆಂದರೇನು ಎಂದು ನಮ್ಮಲ್ಲಿ ಹಲವರಿಗೆ ಬೇರೆ ರೀತಿಯಲ್ಲಿ ಗೊತ್ತಿದೆ.

ಸಿಸಿಲಿಯನ್‌ನ ಡ್ರಾಗನ್ ವಿಧಾನವೂ ಸೆಮಿ-ಸ್ಲಾವ್ ರಕ್ಷಣೆಯೂ ಇದೇ ಜಾತಿಯವು. ವಿಶ್ವನಾಥನ್ ಆನಂದ್ 2008ರಲ್ಲಿ ಬಾನ್ ನಗರದಲ್ಲಿ ಕ್ರಾಮ್ನಿಕ್ ಅವರನ್ನು ಸೋಲಿಸಿದಾಗ, ಮೂರನೇ ಮತ್ತು ಐದನೇ ಆಟಗಳನ್ನು ಕಪ್ಪು ಕಾಯಿಗಳಲ್ಲಿ ಗೆದ್ದದ್ದು ಸೆಮಿ-ಸ್ಲಾವ್‌ನಿಂದಲೇ. ಆದರೆ ಅದರ ಹಿಂದೆ ಒಂದು ಇಡೀ ತಂಡದ ತಿಂಗಳುಗಟ್ಟಲೆ ದುಡಿಮೆ ಇತ್ತು.

ಇನ್ನು ಸುಲಭದ ವೇಷ ಹಾಕಿಕೊಂಡು ಬರುವ ಆರಂಭವೊಂದಿದೆ, ಅದು ಕಿಂಗ್ಸ್ ಇಂಡಿಯನ್. ಬಿಳಿ ರಾಣಿಯ ಮುಂದಿನ ಕಾಲಾಳನ್ನು ಆಡಿದರೆ ಕಪ್ಪು ಕುದುರೆ ಹೊರಗೆ ತಂದು, ಜಿ-6 ಆಡಿ, ಒಂಟೆಯನ್ನು ಜಿ-7ರಲ್ಲಿ ಕೂರಿಸಿ, ಡಿ-6 ಆಡಿ, ಕ್ಯಾಸ್ಲಿಂಗ್ ಮಾಡುತ್ತದೆ. ಹೆಚ್ಚು ಕಡಿಮೆ ಎಲ್ಲದಕ್ಕೂ ಇದೇ ಐದು ನಡೆ. ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು, ಮಕ್ಕಳಿಗೆ ಬಹಳ ಇಷ್ಟ. ಆರನೇ ನಡೆಗೆ ಬಂದಾಗ ತಲೆ ಎತ್ತಿ ನಮ್ಮ ಮುಖ ನೋಡುತ್ತಾರೆ.

ಏಕೆಂದರೆ ಇದರ ಮುಖ್ಯ ದಾರಿಯಲ್ಲಿ ಮಧ್ಯಭಾಗ ಕಾಲಾಳುಗಳಿಂದ ಮುಚ್ಚಿಹೋಗಿ ಬೋರ್ಡು ಎರಡು ಹೋಳಾಗುತ್ತದೆ. ಬಿಳಿ ರಾಣಿಯ ಬದಿಯಲ್ಲಿ ಸಿ-5 ಎಂದು ನುಗ್ಗುತ್ತದೆ, ಕಪ್ಪು ರಾಜನ ಬದಿಯಲ್ಲಿ ಎಫ್ ಮತ್ತು ಜಿ ಕಾಲಾಳುಗಳನ್ನು ಸಾಲಾಗಿ ಓಡಿಸುತ್ತದೆ. ಬಿಳಿ ಗೆದ್ದರೆ ಒಂದೆರಡು ಕಾಲಾಳು, ಕಪ್ಪು ಗೆದ್ದರೆ ನೇರ ರಾಜ. ಹಾಗೆಂದು ಕಪ್ಪಿಗೇ ಲಾಭ ಎಂದುಕೊಳ್ಳಬೇಡಿ, ಒಂದು ನಡೆ ತಡವಾದರೆ ರಾಣಿಯ ಬದಿ ಪೂರ್ತಿ ಕುಸಿದಿರುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಕಪ್ಪಿನ ಸಿ-8 ಮನೆಯ ಒಂಟೆ ಎಷ್ಟೋ ಹೊತ್ತು ಕದಲದೆ ಕೂತಿರುತ್ತದೆ. ಕೆಲಸಕ್ಕೆ ಬಾರದ್ದೆಂದು ಸಾಧಾರಣ ಆಟಗಾರರು ಸಿಕ್ಕ ಮೊದಲ ಅವಕಾಶದಲ್ಲೇ ಅದನ್ನು ಬದಲಾಯಿಸಿಬಿಡುತ್ತಾರೆ. ಆದರೆ ಕೊನೆಯಲ್ಲಿ ಎಚ್-3ರ ಮೇಲೆ ಎರಗಿ ಬಿಳಿ ರಾಜನ ಬಾಗಿಲು ಒಡೆಯಬೇಕಾದದ್ದು ಅದೇ ಒಂಟೆ. ಅದಿಲ್ಲದಿದ್ದರೆ ಆಕ್ರಮಣ ಬರೀ ಗದ್ದಲ. ಇನ್ನು ಮನೆಯಲ್ಲಿ ಕಂಪ್ಯೂಟರಿಗೆ ತೋರಿಸಿದರೆ ಅದು ಬಿಳಿಗೇ ಮೇಲುಗೈ ಎನ್ನುತ್ತದೆ, ಮಗುವಿಗೆ ಇನ್ನಷ್ಟು ಗೊಂದಲ.

'ಇಂಡಿಯನ್' ಎಂಬ ಹೆಸರಿಗೆ ನಿಜವಾಗಿಯೂ ನಮ್ಮ ದೇಶದ ನಂಟಿದೆ. 1850ರ ಸುಮಾರಿಗೆ ಕಲ್ಕತ್ತಾದಲ್ಲಿ ಮಹೇಶಚಂದ್ರ ಬ್ಯಾನರ್ಜಿ ಎಂಬವರು ಜಾನ್ ಕಾಕ್ರೇನ್ ಎಂಬ ಸ್ಕಾಟಿಷ್ ವಕೀಲರೊಂದಿಗೆ ನೂರಾರು ಆಟ ಆಡಿದರು. ನಮ್ಮ ಹಳೆಯ ಚದುರಂಗದಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯುತ್ತಿತ್ತು, ಈಗಲೂ ಕೆಲವು ಹಳ್ಳಿಗಳಲ್ಲಿ ಹಾಗೆ ಆಡುವವರಿದ್ದಾರೆ. ಆ ಅಭ್ಯಾಸದವರಿಗೆ ಡಿ-6, ಜಿ-6 ಎಂದು ಮೆಲ್ಲಗೆ ಕಟ್ಟುವುದು ಸಹಜ. ಯುರೋಪಿನವರು ಅದನ್ನು ಗಂಭೀರವಾಗಿ ಆಡಲು ತೊಡಗಿದ್ದು ಎಷ್ಟೋ ವರ್ಷಗಳ ನಂತರ.

ಸಾಧಾರಣ ಆಟಗಾರರಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಯಾವುದು, ಒಂದೇ ಹೆಸರು ಹೇಳಿ ಎಂದರೆ ನಾನು ಗ್ರುನ್‌ಫೆಲ್ಡ್ ರಕ್ಷಣೆ ಎನ್ನುತ್ತೇನೆ, ನಾಯ್ಡಾರ್ಫ್ ಅಲ್ಲ. ಆಸ್ಟ್ರಿಯಾದ ಅರ್ನ್ಸ್ಟ್ ಗ್ರುನ್‌ಫೆಲ್ಡ್ 1922ರಲ್ಲಿ ವಿಯೆನ್ನಾದಲ್ಲಿ ಅಲೆಖಿನ್ ಅವರನ್ನೇ ಇದರಿಂದ ಸೋಲಿಸಿದರು. ಇದರಲ್ಲಿ ಕಪ್ಪು ಬೇಕೆಂದೇ ಮಧ್ಯಭಾಗವನ್ನು ಬಿಳಿಗೆ ಬಿಟ್ಟುಕೊಡುತ್ತದೆ. ಬಿಳಿಯ ಕಾಲಾಳುಗಳು ಸಿ-3, ಡಿ-4, ಇ-4ರಲ್ಲಿ ಕೋಟೆಯಂತೆ ನಿಲ್ಲುತ್ತವೆ. ಆಮೇಲೆ ಕಪ್ಪು ಸಿ-5, ಜಿ-7ರ ಒಂಟೆ, ಕುದುರೆ, ಇನ್ನೊಂದು ಒಂಟೆ ಎಲ್ಲವನ್ನೂ ಡಿ-4ರ ಮೇಲೆ ತಿರುಗಿಸಿ ಆ ಕೋಟೆಯನ್ನು ಕೆಡವಬೇಕು. ಕೆಡವಿದರೆ ಸರಿ, ಇಲ್ಲದಿದ್ದರೆ ಅದೇ ಡಿ ಕಾಲಾಳು ಮುಂದೆ ನಡೆದು ರಾಣಿಯಾಗಲು ಹೊರಡುತ್ತದೆ.

ನಾಯ್ಡಾರ್ಫ್‌ನಲ್ಲಿ ಇಬ್ಬರಿಗೂ ಅಷ್ಟೇ ಕಷ್ಟ. ಎದುರಾಳಿಯೂ ಸಾಧಾರಣದವನಾದರೆ ಇಬ್ಬರೂ ಎಂಟನೇ ನಡೆಗೆ ಮರೆತು ಸಮಸಮವಾಗಿ ತಡಕಾಡುತ್ತಾರೆ. ಗ್ರುನ್‌ಫೆಲ್ಡ್‌ನಲ್ಲಿ ಹಾಗಲ್ಲ. ಬಿಳಿ ಏನನ್ನೂ ಓದದೆ, ಕಾಯಿಗಳನ್ನು ಸಹಜವಾಗಿ ಹೊರತಂದರೂ ಬಲವಾದ ಸ್ಥಿತಿ ಸಿಗುತ್ತದೆ. ಓದಬೇಕಾದವರು ಕಪ್ಪು ಮಾತ್ರ. "ಮಧ್ಯಭಾಗ ಹಿಡಿಯಿರಿ" ಎಂಬ ಪಾಠ ಇನ್ನೂ ಗಟ್ಟಿಯಾಗದ ಮಗುವಿಗೆ ಮಧ್ಯಭಾಗ ಬಿಟ್ಟುಕೊಡುವುದನ್ನು ಹೇಳಿಕೊಡುವುದು, ಕಾಗುಣಿತ ಬರುವ ಮೊದಲು ಹಳಗನ್ನಡ ಓದಿಸಿದ ಹಾಗೆ. 13 ವರ್ಷದ ಫಿಶರ್ 1956ರಲ್ಲಿ ಡೊನಾಲ್ಡ್ ಬರ್ನ್ ವಿರುದ್ಧ ಗೆದ್ದ ಪ್ರಸಿದ್ಧ ಆಟ ಗ್ರುನ್‌ಫೆಲ್ಡೇ ಆಗಿತ್ತು, ನಿಜ. ಆ ಹುಡುಗ ಫಿಶರ್ ಆಗಿದ್ದ.

ಸ್ಪ್ಯಾನಿಷ್ ಅಥವಾ ರುಯ್ ಲೋಪೆಜ್ ಆರಂಭದ ಕಷ್ಟ ಬೇರೆಯೇ ರೀತಿಯದು, ಒಳ್ಳೆಯ ಕಷ್ಟ ಎನ್ನಬಹುದು. ಸ್ಪೇನಿನ ಪಾದ್ರಿ ರುಯ್ ಲೋಪೆಜ್ 1561ರಲ್ಲಿ ಬರೆದ ಪುಸ್ತಕದಿಂದ ಈ ಹೆಸರು. ಬಿಳಿ ಮೂರನೇ ನಡೆಯಲ್ಲಿ ಒಂಟೆಯನ್ನು ಬಿ-5ಕ್ಕೆ ತಂದು ಕಪ್ಪಿನ ಕುದುರೆಯ ಮೇಲೆ ಇಡುತ್ತದೆ. ಕುದುರೆಯನ್ನು ಹೊಡೆದರೆ ಅದು ಕಾಯುತ್ತಿದ್ದ ಇ-5 ಕಾಲಾಳು ಪುಕ್ಕಟೆ ಸಿಗುತ್ತದೆಂದು ಎಲ್ಲ ಮಕ್ಕಳೂ ಉತ್ಸಾಹದಿಂದ ಹೇಳುತ್ತಾರೆ. ಬೋರ್ಡಿನ ಮೇಲೆ ಇಟ್ಟು ನೋಡಿ. ಕಪ್ಪು ಎ-6 ಆಡಲಿ, ಬಿಳಿಯ ಒಂಟೆ ಕುದುರೆಯನ್ನು ಹೊಡೆಯಲಿ, ಕಪ್ಪು ಡಿ ಕಾಲಾಳಿನಿಂದ ಆ ಒಂಟೆಯನ್ನು ಹೊಡೆಯಲಿ, ಬಿಳಿಯ ಕುದುರೆ ಇ-5 ಕಾಲಾಳನ್ನು ತಿನ್ನಲಿ. ಆಗ ಕಪ್ಪಿನ ರಾಣಿ ಡಿ-4ಕ್ಕೆ ಬಂದು ಕುದುರೆಯನ್ನೂ ಇ-4 ಕಾಲಾಳನ್ನೂ ಒಟ್ಟಿಗೆ ಹಿಡಿಯುತ್ತದೆ. ಕಾಲಾಳು ವಾಪಸು! ಅಂದರೆ ಒಂಟೆಯ ಬೆದರಿಕೆ ಈಗಿನದಲ್ಲ, ಮುಂದಿನದು. ಬೆದರಿಕೆ ಯಾವಾಗ ನಿಜವಾಗುತ್ತದೆ ಎಂದು ನಡೆನಡೆಗೂ ಲೆಕ್ಕ ಹಾಕುತ್ತಿರಬೇಕು. ಮುಂದೆ ಬಿಳಿಯ ಕುದುರೆ ಬಿ-1ರಿಂದ ಡಿ-2, ಎಫ್-1 ದಾಟಿ ಜಿ-3ಕ್ಕೆ ಸುತ್ತು ಹಾಕುತ್ತದೆ. ಬ್ರೇಯರ್ ವಿಧಾನದಲ್ಲಂತೂ ಕಪ್ಪಿನ ಕುದುರೆ ಹೊರಟ ಮನೆಗೇ ಮರಳಿ, ಅಲ್ಲಿಂದ ಡಿ-7ಕ್ಕೆ ಬರುತ್ತದೆ. ಇಲ್ಲಿ ಸಾಧಾರಣ ಆಟಗಾರ ತಪ್ಪಿದರೂ ಕೂಡಲೇ ಸಾಯುವುದಿಲ್ಲ, ಇಪ್ಪತ್ತು ನಡೆ ನಿಧಾನವಾಗಿ ಉಸಿರು ಕಟ್ಟಿ ಸೋಲುತ್ತಾನೆ. ಅದರಿಂದ ಕಲಿಯುವುದು ಬಹಳ.

ಕ್ಯಾಟಲನ್ ಆರಂಭದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಕಾಲಾಳಿಗೆ ಬದಲಾಗಿ ಕಣ್ಣಿಗೆ ಕಾಣದ ಒತ್ತಡ ಪಡೆಯುವ ಆಟ ಅದು, ಕಾಲಾಳು ಹೋದದ್ದಷ್ಟೇ ಮಕ್ಕಳಿಗೆ ಕಾಣುತ್ತದೆ.

ಹಾಗಾದರೆ ಏನು ಆಡಿಸಬೇಕು? ಬಿಳಿಯಲ್ಲಿ ಇಟಾಲಿಯನ್: ಒಂಟೆ ಸಿ-4ಕ್ಕೆ, ಕಾಲಾಳುಗಳು ಸಿ-3, ಡಿ-3ಕ್ಕೆ, ಕ್ಯಾಸ್ಲಿಂಗ್. ಕಳೆದ ಹತ್ತು ವರ್ಷಗಳಲ್ಲಿ ದೊಡ್ಡ ಗ್ರ್ಯಾಂಡ್‌ಮಾಸ್ಟರ್‌ಗಳೂ ಇದಕ್ಕೆ ಮರಳಿದ್ದಾರೆ. ಕಪ್ಪಿನಲ್ಲಿ ಇ-4ಕ್ಕೆ ಇ-5, ಅಥವಾ ಸಿ-6 ಮತ್ತು ಡಿ-5ರ ಕಾರೊ-ಕಾನ್. ಲಂಡನ್ ಪದ್ಧತಿ ಇನ್ನೂ ಸುಲಭ, ಆದರೆ ಚಿಕ್ಕ ಮಕ್ಕಳಿಗೆ ನಾನು ಒಪ್ಪುವುದಿಲ್ಲ. ಪ್ರತಿ ಆಟದಲ್ಲೂ ಅದೇ ಆರು ನಡೆ ಕಣ್ಣು ಮುಚ್ಚಿ ಆಡಿ, ಎದುರಾಳಿ ಏನು ಮಾಡುತ್ತಿದ್ದಾನೆ ಎಂದು ನೋಡುವುದನ್ನೇ ಮರೆಯುತ್ತಾರೆ.

ಮಗು ಒಂದು ಆರಂಭಕ್ಕೆ ಸಿದ್ಧವಿದೆಯೇ ಎಂದು ಪೋಷಕರು ಚೆಸ್ ಬಾರದಿದ್ದರೂ ತಿಳಿಯಬಹುದು. ಮೊದಲ ಆರು ನಡೆ ಆಡಿಸಿ, ಪ್ರತಿ ನಡೆಗೂ "ಏಕೆ?" ಎಂದು ಕೇಳಿ. "ಪುಸ್ತಕದಲ್ಲಿದೆ", "ವಿಡಿಯೋದಲ್ಲಿ ಹೇಳಿದರು" ಎಂಬ ಉತ್ತರ ಎರಡು ಸಲ ಬಂದರೆ ಆ ಆರಂಭ ಇನ್ನೂ ದೂರ. ಯಾವ ಕೋರ್ಸಿಗೂ ಹಣ ಕಟ್ಟುವ ಮೊದಲು ಈ ಪರೀಕ್ಷೆ ಮಾಡಿ, ಇದಕ್ಕೆ ಖರ್ಚಿಲ್ಲ.

ಮುಂದಿನ ಅವಧಿಯಲ್ಲಿ ಹಿರಿಯ ಗುಂಪಿಗೆ ಸ್ಪ್ಯಾನಿಷ್ ತೆಗೆದುಕೊಳ್ಳುತ್ತೇವೆ, ಕಿರಿಯರಿಗೆ ಇಟಾಲಿಯನ್ ಮುಂದುವರಿಯುತ್ತದೆ. ನಾಯ್ಡಾರ್ಫ್ ಬೇಕೇಬೇಕೆಂದು ಹಟ ಹಿಡಿದಿರುವ ಇಬ್ಬರು ತಮ್ಮ ಕೊನೆಯ ಹತ್ತು ಆಟಗಳ ಸ್ಕೋರ್‌ಶೀಟ್ ತರಲಿ. ಎಷ್ಟು ಆಟಗಳು ಆರಂಭದಿಂದ ಸೋತವು, ಎಷ್ಟು ಪುಕ್ಕಟೆ ಕೊಟ್ಟ ಕಾಯಿಗಳಿಂದ ಸೋತವು ಎಂದು ಒಟ್ಟಿಗೆ ಕೂತು ಎಣಿಸೋಣ.